ಅಜ್ಜಿಯ ಕಿತ್ತಳೆ ಕೋಟು

ಅಕ್ಟೋಬರ್ ಮೊದಲ ವಾರದಲ್ಲಿ ರೊಂಡಾ ಹುದಾಕ್ ತನ್ನ ಮಗನ ಕೋಣೆಯ ಬಾಗಿಲನ್ನು ತಾನೇ ಕಳಚಿದಳು. ಬಾಗಿಲು ಮೈಮೇಲೆ ಬೀಳದಂತೆ ಮಗಳು ಟೆಸ್ ಹಿಡಿದುಕೊಂಡಿದ್ದಳು. ಹದಿನೈದು ವರ್ಷದ ಕೋಲ್ಬಿ ಗೋಡೆಗೆ ಮುಖ ಮಾಡಿ ಮಲಗಿದ್ದ. ಸ್ಕ್ರೂ ಒಂದೊಂದಾಗಿ ಟಣ್ಣೆಂದು ನೆಲಕ್ಕೆ ಬಿದ್ದರೂ ಅವನು ತಿರುಗಲಿಲ್ಲ.

“ಇನ್ಮೇಲೆ ಈ ಕೋಣೆ ನನ್ನ ಕಣ್ಣಿಗೆ ಕಾಣ್ತಾ ಇರ್ಬೇಕು,” ಎಂದಳು ರೊಂಡಾ.

“ನನ್ನ ಬಾಗಿಲೂ ತೆಗೀತೀಯಾ?” ಎಂದು ಟೆಸ್ ಕೇಳಿದಳು.

“ನಿಂದ್ಯಾಕೆ ತೆಗೀಲಿ? ನೀನು ಸರಿಯಾಗಿದ್ದೀಯಲ್ಲ.”

ಸರಿಯಾಗಿರುವುದಕ್ಕೆ ಈ ಲೋಕದಲ್ಲಿ ಎಂಥ ಬಹುಮಾನ ಸಿಗುತ್ತದೆ ಎಂಬುದನ್ನು ಟೆಸ್ ಅವತ್ತಿನಿಂದ ಕಲಿಯತೊಡಗಿದಳು.

ಆದದ್ದು ಇಷ್ಟು. ಪೆನ್ಸಿಲ್ವೇನಿಯಾದ ಗುಡ್ಡಗಳ ನಡುವಿನ ನಮ್ಮೂರಿನ ಹೈಸ್ಕೂಲಿನಲ್ಲಿ ಕುಸ್ತಿ ತಂಡದ ಹುಡುಗರು ಕೋಲ್ಬಿಯ ಊಟದ ತಟ್ಟೆಯನ್ನು ಅವನ ಮಡಿಲಿಗೇ ಬೋರಲು ಹಾಕಿದ್ದರು. ಅದನ್ನು ಫೋನಿನಲ್ಲಿ ಚಿತ್ರೀಕರಿಸಿ ಊರಿಗೆಲ್ಲ ಹಂಚಿದ್ದರು. ಅದೇನೂ ಮೊದಲ ಸಲವಲ್ಲ. ಅವತ್ತು ಸಂಜೆ ಕೋಲ್ಬಿ ಫೋನಿನಲ್ಲಿ ಒಂದು ಸಾಲು ಬರೆದ: ನಾನು ಸ್ಕೂಲಿಗೆ ಬಂದೂಕು ತಂದ ದಿನ ಯಾರು ನಗ್ತೀರೋ ನೋಡೋಣ. ಮಾರನೇ ದಿನ ಸ್ಕೂಲು ಮುಚ್ಚಿತು, ಪೊಲೀಸರು ಮನೆಗೆ ಬಂದರು. ವಿಚಾರಣೆ ನಡೆಯಿತು, ಕೇಸು ಆಗಲಿಲ್ಲ. ಆದರೆ ಮನೆಯಲ್ಲಿದ್ದ ಬಂದೂಕುಗಳನ್ನೆಲ್ಲ ಬೇರೆಡೆಗೆ ಸಾಗಿಸಬೇಕು, ಹುಡುಗನನ್ನು ವೈದ್ಯರಿಗೆ ತೋರಿಸಬೇಕು ಎಂದಾಯಿತು. ರೊಂಡಾಳ ತಮ್ಮ ಪಕ್ಕದ ಒಹಾಯೋ ರಾಜ್ಯದಿಂದ ಟ್ರಕ್ಕು ತಂದು ಬಂದೂಕಿನ ಬೀರುವನ್ನು ಪೂರ್ತಿ ಖಾಲಿ ಮಾಡಿಕೊಂಡು ಹೋದ.

ಹುಡುಗ ಹಾಗೇಕೆ ಬರೆದ ಎಂಬುದಕ್ಕೆ ಆ ಮನೆಯಲ್ಲಿ ಎಷ್ಟು ಬಾಯಿಗಳೋ ಅಷ್ಟು ಕಾರಣಗಳಿದ್ದವು.

“ಆ ಹಾಳು ವಿಡಿಯೋ ಆಟ,” ಎಂದ ರೊಂಡಾಳ ಅಪ್ಪ ವಿನ್ಸ್. ಗಣಿಯಲ್ಲಿ ದುಡಿದು ಬೆನ್ನು ಬಗ್ಗಿದ್ದ ಮುದುಕ ಅವನು. ಹೆಂಡತಿ ಡೊಲೊರೆಸ್ ಸತ್ತ ಮೇಲೆ ಮಗಳ ಮನೆಯ ಕೆಳಗಿನ ಕೋಣೆಯಲ್ಲಿದ್ದ. “ನಮ್ಮ ಕಾಲ್ದಲ್ಲಿ ಸ್ಕೂಲಿಗೇ ಬಂದೂಕು ತಗೊಂಡ್ ಹೋಗಿ, ಸಂಜೆ ಅಲ್ಲಿಂದಲೇ ಅಳಿಲು ಬೇಟೆಗೆ ಹೋಗ್ತಿದ್ವಿ. ಯಾರು ಯಾರ್ನ ಕೊಂದ್ರು?”

“ಅಪ್ಪ, ನಿಮ್ಮ ಕಾಲ್ದಲ್ಲಿ ತಟ್ಟೆ ಬೀಳಿಸಿದ್ರೆ ಹತ್ತು ಜನ ನೋಡ್ತಿದ್ರು. ಇವನ್ದು ಸಾವಿರ ಜನ ನೋಡಿದಾರೆ.”

“ಹಾಗಾದ್ರೆ ಫೋನ್ ಕಿತ್ಕೋ. ಬಂದೂಕು ಯಾಕ್ ಕಿತ್ಕೊಂಡೆ?”

ಸ್ಕೂಲಿನ ಕೌನ್ಸೆಲರ್ ಮಿಸ್ ಪೆಟ್ರಿ ಮನೆಗೇ ಬಂದಿದ್ದಳು. ರೊಂಡಾ ಕೊಟ್ಟ ಕಾಫಿ ಆರುವವರೆಗೂ ಮಾತಾಡಿದಳು. “ಇದಕ್ಕೆ ಒಂದೇ ಕಾರಣ ಅಂತ ಇರಲ್ಲ ಮಿಸೆಸ್ ಹುದಾಕ್. ಮನಸ್ಸು ಕುಗ್ಗಿರೋ ಮಕ್ಕಳಲ್ಲಿ ಹೆಚ್ಚಿನವರು ಯಾರಿಗೂ ಏನೂ ಮಾಡಲ್ಲ. ಆದ್ರೆ ಅವಮಾನ ಆಗಿ, ಬದುಕೇ ಸಾಕಾಗಿ, ಕೈಗೆ ಬಂದೂಕೂ ಸಿಕ್ಕರೆ ಆಗ ಭಯ. ಇವನು ಬಾಯಿ ಬಿಟ್ಟು ಹೇಳಿದ್ದಾನೆ. ಅದು ಒಳ್ಳೇದೇ ಅಂದ್ಕೊಳ್ಳಿ. ನಮಗೆ ಬೇಕಾಗಿರೋದು ಎರಡೇ. ಮನೇಲಿ ಬಂದೂಕು ಇರಬಾರದು, ಇವನು ಒಂಟಿ ಆಗಬಾರದು.”

ರೊಂಡಾ ಅದನ್ನು ವೇದವಾಕ್ಯದಂತೆ ಹಿಡಿದಳು. ವೃದ್ಧಾಶ್ರಮದ ಅಡುಗೆಮನೆಯಲ್ಲಿ ಸಂಜೆಯ ಪಾಳಿ ಬಿಟ್ಟಳು. ಮನೆಯ ಚಾಕು ಚೂರಿಗಳನ್ನೆಲ್ಲ ಟವೆಲಿನಲ್ಲಿ ಸುತ್ತಿ ಕಾರಿನ ಡಿಕ್ಕಿಗೆ ಹಾಕಿ ಬೀಗ ಜಡಿದಳು. ಸಂಜೆಯ ಸಂಬಳ ಹೋದದ್ದರಿಂದ ದನದ ಮಾಂಸದ ಜಾಗಕ್ಕೆ ಆಲೂಗಡ್ಡೆ, ಹುಳಿ ಬರಿಸಿದ ಕೋಸು ಬಂದವು. ಈರುಳ್ಳಿ ಹೆಚ್ಚಬೇಕಾದರೂ ಟೆಸ್ ಅಮ್ಮನ ಹತ್ತಿರ ಬೀಗದ ಕೈ ಕೇಳಿ, ಚಳಿಯಲ್ಲಿ ಅಂಗಳಕ್ಕೆ ಹೋಗಿ, ಚಾಕು ತಂದು, ತೊಳೆದು, ಮತ್ತೆ ಒಯ್ದು ಇಡಬೇಕು. ಪಾತ್ರೆ ತೊಳೆಯುವುದು ಮೊದಲು ಸರದಿಯ ಮೇಲೆ ನಡೆಯುತ್ತಿತ್ತು. ಈಗ ದಿನವೂ ಅವಳದೇ ಪಾಲು.

“ಅವನ ಸರದಿ ಏನಾಯ್ತು?”

“ಅವನಿಗೆ ಮಾತ್ರೆಯಿಂದ ಸುಸ್ತು. ನೀನೇ ಮಾಡ್ಬಿಡಮ್ಮ.”

ಹತ್ತು ಮೈಲಿ ಆಚೆ ಬೇರೆ ಸಂಸಾರ ಹೂಡಿದ್ದ ಅಪ್ಪ ಡೇಲ್‌ಗೂ ಇದ್ದಕ್ಕಿದ್ದಂತೆ ಅಪ್ಪತನ ನೆನಪಾಯಿತು. ಶನಿವಾರ ಬಂತೆಂದರೆ ಟ್ರಕ್ಕು ಬಾಗಿಲಿಗೆ ಬಂದು ನಿಲ್ಲುತ್ತಿತ್ತು. ಕೋಲ್ಬಿಯನ್ನು ಕಾರಿನ ರೇಸಿಗೆ, ಪಿಜ್ಜಾ ತಿನ್ನಿಸಲು ಕರೆದೊಯ್ಯುತ್ತಿದ್ದ. ಟೆಸ್‌ಳ ಹದಿನೇಳನೇ ಹುಟ್ಟುಹಬ್ಬಕ್ಕೆ ಫೋನಿನಲ್ಲಿ ಎರಡು ಸಾಲು ಕಳಿಸಿ ಕೈತೊಳೆದುಕೊಂಡಿದ್ದವನು ಇವನೇ.

“ನಿಂಗೇನಪ್ಪ, ರಾಜ! ಇವತ್ತೆಲ್ಲಿಗೆ ಮೆರವಣಿಗೆ?” ಎಂದು ಟೆಸ್ ಒಂದು ಶನಿವಾರ ತಮ್ಮನನ್ನು ಕುಟುಕಿದಳು.

ಕೋಲ್ಬಿ ಬೂಟಿನ ದಾರ ಕಟ್ಟುತ್ತಿದ್ದ. “ಬೇಕಾದ್ರೆ ನೀನೇ ಹೋಗು. ಅವನು ದಾರಿಯುದ್ದಕ್ಕೂ ನನ್ನ ಮುಖ ನೋಡೋದೇ ಇಲ್ಲ. ರೇಡಿಯೋ ಜೋರು ಮಾಡ್ತಾನೆ.”

“ನನ್ನ ಪಕ್ಕ ಕೂತು ರೇಡಿಯೋ ಹಾಕೋಕೂ ಅವನಿಗೆ ಟೈಮಿಲ್ಲ.”

ಕೋಲ್ಬಿ ದಾರ ಬಿಗಿದು ಎದ್ದು ಹೋದ.

ಹೊಟ್ಟೆಕಿಚ್ಚು ಅಂದರೆ ಮೂಗು ಮುರಿಯುವವರು ಆ ಮನೆಯಲ್ಲಿ ಒಂದು ವಾರ ಇದ್ದು ನೋಡಬೇಕಿತ್ತು. ಸ್ಕೂಲಿನ ಬಸ್ಸಿನಲ್ಲಿ ಟೆಸ್ ಪಕ್ಕ ಕೂರುವವರಿಲ್ಲ. ಅವಳೇ ಆಡುವ ವಾಲಿಬಾಲ್ ತಂಡದ ಹುಡುಗಿಯರು ಅವಳು ಬಂದರೆ ಮಾತು ನಿಲ್ಲಿಸುತ್ತಿದ್ದರು. ಅವನ ತಪ್ಪಿನ ಮೈಲಿಗೆ ಅವಳಿಗೂ ಅಂಟಿತ್ತು. ಅವನಿಗೆ ಸಿಕ್ಕ ಮುದ್ದಿನಲ್ಲಿ ಮಾತ್ರ ಅವಳಿಗೆ ಪಾಲಿರಲಿಲ್ಲ.

ಅಕ್ಟೋಬರ್ ಕೊನೆಗೆ, ಕೊನೆಯ ವರ್ಷದ ಆಟಗಾರ್ತಿಯರನ್ನು ಬೀಳ್ಕೊಡುವ ಸಂಜೆ ಬಂತು. ಆಟಕ್ಕೆ ಮುಂಚೆ ಪ್ರತಿ ಹುಡುಗಿಯೂ ಅಪ್ಪ ಅಮ್ಮನ ತೋಳು ಹಿಡಿದು ಅಂಗಣದ ನಡುವೆ ನಡೆಯುತ್ತಾಳೆ, ಅಮ್ಮನಿಗೆ ಹೂ ಕೊಡುತ್ತಾಳೆ. ಟೆಸ್ ನಡೆದದ್ದು ಕೋಚ್ ತೋಳು ಹಿಡಿದು. ಹೂವನ್ನು ಯಾರಿಗೆ ಕೊಡುವುದೆಂದು ತಿಳಿಯದೆ ಬೆಂಚಿನ ಕೆಳಗೆ ಇಟ್ಟಳು.

ಮನೆಗೆ ಬಂದಾಗ ರೊಂಡಾ ಸೂಪು ಬಿಸಿ ಮಾಡುತ್ತಿದ್ದಳು. “ಟೆಸ್, ಕೋಲ್ಬಿಗೆ ಆ ದೊಡ್ಡ ಡಾಕ್ಟ್ರು ಅದೊಂದೇ ಹೊತ್ತು ಕೊಟ್ಟಿದ್ದು. ಎಷ್ಟು ವಾರದಿಂದ ಕಾಯ್ತಿದ್ವಿ ಗೊತ್ತಲ್ಲ.”

“ನಾನು ನಾಲ್ಕು ವರ್ಷದಿಂದ ಕಾಯ್ತಿದ್ದೆ.”

“ನಿನ್ನ ತಮ್ಮಂಗೆ ಹುಷಾರಿಲ್ಲ ಕಣೇ! ಹುಷಾರಿಲ್ಲದವನ ಮೇಲೆ ಹೊಟ್ಟೆಕಿಚ್ಚಾ ನಿಂಗೆ?”

“ಹೌದು, ಹೊಟ್ಟೆಕಿಚ್ಚೇ! ನಾನೂ ಫೋನಲ್ಲಿ ಒಂದು ಸಾಲು ಬರೆದು ಹಾಕ್ಲಾ? ಆಗ ಬರ್ತೀಯಾ ನನ್ನ ಆಟಕ್ಕೆ?”

ರೊಂಡಾಳ ಕೈ ಮೇಲೆದ್ದಿತು. ಹಾಗೇ ಇಳಿಯಿತು. ಬಾಗಿಲಿಲ್ಲದ ಕೋಣೆಯಲ್ಲಿ ಕೋಲ್ಬಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಾನೆಂಬುದು ಇಬ್ಬರಿಗೂ ಆಮೇಲೆ ಹೊಳೆಯಿತು. ಅವತ್ತು ಸೂಪನ್ನು ಯಾರೂ ಮುಟ್ಟಲಿಲ್ಲ.

ನವೆಂಬರ್ ನಡುವಿನಲ್ಲಿ ಅಜ್ಜ ಟೆಸ್‌ಳನ್ನು ತನ್ನ ಕೋಣೆಗೆ ಕರೆದ. ಮಂಚದ ಮೇಲೆ ಒಂದು ಕಿತ್ತಳೆ ಬಣ್ಣದ ಕೋಟು ಹರಡಿತ್ತು. ಬೇರೆ ಬೇಟೆಗಾರರ ಕಣ್ಣಿಗೆ ಎದ್ದು ಕಾಣಲೆಂದು ಕಾಡಿನಲ್ಲಿ ಹಾಕಿಕೊಳ್ಳುವ ಕೋಟು. ಅದು ಅಜ್ಜಿ ಡೊಲೊರೆಸ್‌ಳದು.

“ಜಿಪ್ ಕಿತ್ತೋಗಿದೆ. ಹೊಸದು ಹಾಕ್ಕೊಡ್ತೀಯಾ ಮಗಳೇ? ನಿಂಗೆ ಅವಳ ಕೈ ಬಂದಿದೆ.”

“ಈ ವರ್ಷ ಬೇಟೆ ಎಲ್ಲಜ್ಜ? ಬಂದೂಕೆಲ್ಲ ಮಾವನ ಮನೇಲಿದೆ.”

ಮುದುಕ ಹೊರಗೆ ಇಣುಕಿ ನೋಡಿ ದನಿ ತಗ್ಗಿಸಿದ. “ಡೊಲೊರೆಸ್‌ದು ಒಂದನ್ನ ನಾನು ಕೊಡ್ಲಿಲ್ಲ. ಗ್ಯಾರೇಜಿನ ಸೂರಿನಲ್ಲಿದೆ. ನಿಮ್ಮಮ್ಮಂಗೆ ಹೇಳ್ಬೇಡ, ಕುಣಿದಾಡ್ತಾಳೆ.”

ಟೆಸ್‌ಳ ಎದೆ ಹಿಗ್ಗಿತು. ಅಜ್ಜಿ ಬದುಕಿದ್ದಾಗ ಹೇಳಿದ್ದ ಮಾತು: ನೀನು ನನ್ನಷ್ಟು ಎತ್ತರ ಆದ ದಿನ ಈ ಬಂದೂಕು ನಿಂದು. ಈಗ ಅವಳು ಅಜ್ಜಿಗಿಂತಲೂ ಎತ್ತರ. ಸದ್ಯ, ಈ ಮನೆಯಲ್ಲಿ ಒಬ್ಬರಿಗಾದರೂ ತನ್ನ ನೆನಪಿದೆಯಲ್ಲ ಎಂದುಕೊಂಡಳು. ಸಂಜೆಯಿಡೀ ಕೂತು ಜಿಪ್ ಹೊಲಿದಳು. ಜಿಂಕೆಯ ಮೂಗಿಗೆ ವಾಸನೆ ಹತ್ತಬಾರದೆಂದು ಪರಿಮಳವಿಲ್ಲದ ಸೋಪು ಹುಡುಕಿ ತಂದು ಒಗೆದಳು. ಹಿತ್ತಲಲ್ಲಿ ಗಾಳಿಗೆ ಒಣಗಿಸಿದಳು. ಆ ವಾರ ಪಾತ್ರೆ ತೊಳೆಯುವಾಗ ಅವಳು ಗೊಣಗಲಿಲ್ಲ. ಏನು ಸಮಾಚಾರ, ಹಾಡು ಬೇರೆ ಹೇಳ್ತಿದ್ದೀಯ ಎಂದು ರೊಂಡಾ ಕೂಡ ಕೇಳಿದಳು.

ವರ್ಷದ ಕೃತಜ್ಞತೆ ಹೇಳುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಭಾನುವಾರ ಕೋಟು ತೊಟ್ಟುಕೊಂಡು ಅಜ್ಜನ ಮುಂದೆ ಹೋಗಿ ನಿಂತಳು. ತೋಳು ಮಣಿಕಟ್ಟಿಗೆ ಸರಿಯಾಗಿ ಕೂತಿತ್ತು.

“ಹೇಗಿದೆ ಅಜ್ಜ?”

“ಚೆನ್ನಾಗ್ ಹೊಲಿದಿದ್ದೀಯ. ಹುಷಾರು, ಭುಜ ಹಿಗ್ಗಿಸ್ಬೇಡ. ಅವನು ಸಣ್ಣಗಿದ್ದಾನೆ.”

“ಯಾರು?”

“ಕೋಲ್ಬಿ. ಶನಿವಾರ ಜಿಂಕೆ ಬೇಟೆ ಶುರು ಅಲ್ವಾ. ಬೆಳಗಾಗೋ ಮುಂಚೆ ಅವನೂ ನಾನೂ ಹೊರಡ್ತೀವಿ. ಅವನಿಗೂ ಹೇಳಿದ್ದೀನಿ.”

ಟೆಸ್ ಕೋಟಿನ ಜಿಪ್ಪನ್ನು ಹಿಡಿದುಕೊಂಡಳು. “ಅಜ್ಜಿ ಆ ಬಂದೂಕು ನಂಗೆ ಅಂದಿದ್ಳು,” ಎಂದಳು.

“ಗೊತ್ತಮ್ಮ. ಆದ್ರೆ ಈ ವರ್ಷ ಅವನಿಗೆ ಬೇಕು. ಗಣಿ ಮುಚ್ಚಿದ ವರ್ಷ ನಾನೂ ಹಾಗೇ ಗೋಡೆ ನೋಡ್ಕೊಂಡು ಮಲಗಿದ್ದೆ. ಡೊಲೊರೆಸ್ ಎಬ್ಬಿಸಿ ಕಾಡಿಗೆ ಎಳ್ಕೊಂಡು ಹೋದ್ಳು. ಮೊದಲ ಜಿಂಕೆ ಬಿದ್ದ ದಿನ ಮನುಷ್ಯ ಆದೆ. ಆ ಡಾಕ್ಟ್ರು ಮಾತ್ರೆ ಕೊಡ್ತಾನೆ, ಅಷ್ಟೇ. ಹುಡುಗನನ್ನ ನಂಬಿ ಬಂದೂಕು ಕೈಗೆ ಕೊಟ್ರೆ ಅವನು ನೆಟ್ಟಗಾಗ್ತಾನೆ.”

“ನನ್ನನ್ನ ಯಾವಾಗ ನಂಬ್ತೀಯ?”

“ನಿಂಗೇನಾಗಿದೆ? ನೀನು ಸರಿಯಾಗಿದ್ದೀಯಲ್ಲ!”

ಅವಳು ಕೋಟು ಬಿಚ್ಚಿ ಅವನ ಮಂಚದ ಮೇಲೆ ಎಸೆದು ಹೋದಳು.

ಹೇಳಿಬಿಡುತ್ತೇನೆ, ಭಾನುವಾರದಿಂದ ಗುರುವಾರದವರೆಗೆ ಟೆಸ್‌ಗೆ ತಮ್ಮನ ಕೈಗೆ ಬಂದೂಕು ಸಿಗುತ್ತದೆ ಎಂಬ ಭಯ ಒಂದು ಚೂರೂ ಹತ್ತಿರ ಸುಳಿಯಲಿಲ್ಲ. ತನ್ನ ಬಂದೂಕು ತಮ್ಮನ ಪಾಲಾಯಿತು ಎಂಬ ಉರಿಯೊಂದೇ ಹೊಟ್ಟೆಯಲ್ಲಿತ್ತು. ಮಿಸ್ ಪೆಟ್ರಿ ಹೇಳಿದ್ದೆಲ್ಲ ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ನೆನಪಾಗಲಿಲ್ಲ. ಈ ಗುಡ್ಡಗಳಲ್ಲಿ ಹುಟ್ಟಿದವರಿಗೆ ಬೇಟೆಯ ಬಂದೂಕೆಂದರೆ ಅಜ್ಜಿಯ ಒಡವೆಯ ಹಾಗೆ, ಯಾರಿಗೆ ಬಂತು ಯಾರಿಗೆ ಬರಲಿಲ್ಲ ಎಂಬುದೇ ಮೊದಲು ಕಾಣುತ್ತದೆ. ಆ ಮುದುಕನ ಕಣ್ಣಿಗೂ ಬೇರೇನೂ ಕಂಡಿರಲಿಲ್ಲ.

ಥ್ಯಾಂಕ್ಸ್‌ಗಿವಿಂಗ್ ಗುರುವಾರ ರೊಂಡಾ ಸಾಲ ಸೋಲ ಅನ್ನದೆ ದೊಡ್ಡ ಟರ್ಕಿ ಕೋಳಿಯನ್ನೇ ತಂದಿದ್ದಳು. ಹುಡುಗನ ಸಲುವಾಗಿ ಡೇಲ್‌ನನ್ನೂ ಕರೆದಿದ್ದಳು. ಅವನು ಅಂಗಡಿಯ ಕುಂಬಳಕಾಯಿ ಪೈ, ಅಂದರೆ ಸಿಹಿ ಕಡುಬು, ಹಿಡಿದು, ಹೊಸ ಅಂಗಿ ತೊಟ್ಟು ಬಂದ. ಬೆಂದ ಕೋಳಿಯನ್ನು ಹೋಳು ಮಾಡಲು ಕಾರಿನ ಡಿಕ್ಕಿಯಿಂದ ಚಾಕು ತರಬೇಕಾಯಿತು. ತಂದವಳು ಟೆಸ್. ಕೋಲ್ಬಿ ಅವತ್ತು ಯಾಕೋ ಹಗುರಾಗಿದ್ದ. ತಲೆ ಬಾಚಿಕೊಂಡಿದ್ದ. ಎರಡು ಸಲ ಬಡಿಸಿಕೊಂಡ. ಅಮ್ಮನಿಗೆ, “ರುಚಿಯಾಗಿದೆ,” ಎಂದ. ರೊಂಡಾಳ ಕಣ್ಣು ತುಂಬಿಬಂತು.

“ನೋಡಿದ್ಯಾ,” ಎಂದು ಅಜ್ಜ ಗೆದ್ದವನ ಹಾಗೆ ಮೇಜು ತಟ್ಟಿದ.

ಆ ಮನೆಯ ಪದ್ಧತಿಯಂತೆ ಕಡುಬಿಗೆ ಮುಂಚೆ ಒಬ್ಬೊಬ್ಬರೂ ತಮಗೆ ಈ ವರ್ಷ ಯಾವುದಕ್ಕೆ ಕೃತಜ್ಞತೆ ಇದೆ ಎಂದು ಹೇಳಬೇಕು. ಡೇಲ್ ಗಂಟಲು ಸರಿಮಾಡಿಕೊಂಡು, ಮಗನ ಜೊತೆ ಕಳೆದ ಶನಿವಾರಗಳಿಗೆ ಎಂದ. ರೊಂಡಾ, “ನನ್ನ ಮಗ ಈ ಮೇಜಿನ ಮುಂದೆ ಕೂತು ಉಣ್ತಿರೋದಕ್ಕೆ,” ಎಂದಳು. ಅಜ್ಜ, “ಕೋಲ್ಬಿಗೋಸ್ಕರ,” ಎಂದ. ಕೋಲ್ಬಿ, “ಎಲ್ಲರಿಗೂ ಥ್ಯಾಂಕ್ಸ್. ಎಲ್ಲದಕ್ಕೂ,” ಎಂದ.

ಸರದಿ ಟೆಸ್‌ಳದು.

“ನಂಗೂ ಕೋಲ್ಬಿಗೋಸ್ಕರವೇ,” ಎಂದಳು. “ಈ ಮನೇಲಿ ಬೇರೆ ಯಾರಾದ್ರೂ ಇದಾರಾ? ಅಪ್ಪನ ಶನಿವಾರ ಅವನಿಗೆ. ಅಮ್ಮನ ಸಂಜೆ ಅವನಿಗೆ. ಅಜ್ಜಿ ನಂಗೆ ಅಂತ ಬಿಟ್ಟು ಹೋದ ಬಂದೂಕೂ ನಾಡಿದ್ದು ಬೆಳಗ್ಗೆ ಅವನಿಗೇ. ಅದನ್ನ ಅಜ್ಜ ಗ್ಯಾರೇಜಿನ ಸೂರಲ್ಲಿ ಇಟ್ಟಿದಾನೆ. ಜಿಪ್ ಹೊಲಿಯೋಕೆ ಮಾತ್ರ ನಾನು.”

ರೊಂಡಾ ಕೈಯಲ್ಲಿದ್ದ ಸೌಟನ್ನು ಮೆಲ್ಲಗೆ ಕೆಳಗಿಟ್ಟಳು.

“ಅಪ್ಪ. ಇದು ನಿಜಾನಾ?”

“ಬೇಟೆ ಬಂದೂಕು ಕಣೇ. ನಾನು ಜೊತೇಲೇ ಇರ್ತೀನಲ್ಲ…”

“ನಿಜಾನಾ ಅಂತ ಕೇಳಿದ್ದು!”

“ಹೌದು.”

“ಎರಡು ತಿಂಗಳಿಂದ ನಾನು ಈರುಳ್ಳಿ ಹೆಚ್ಚೋ ಚಾಕೂನ ಬೀಗ ಹಾಕಿ ಇಡ್ತಿದ್ದೀನಿ. ನೀನು ನನ್ನ ತಲೆ ಮೇಲೆ ಬಂದೂಕು ಇಟ್ಕೊಂಡು, ನಾನು ಮಾಡಿದ ಊಟ ಉಣ್ತಿದ್ದೀಯ!”

“ನಿಮ್ಮಮ್ಮ ನನ್ನ ಉಳಿಸಿದ್ದು ಹಾಗೇ ರೊಂಡಾ. ನನ್ನ ಮೊಮ್ಮಗನ್ನ ನಾನು ಕಳ್ಳನ ಹಾಗೆ ಕಾಯಲ್ಲ.”

“ಹಾಗಾದ್ರೆ ಬೇರೆ ಮನೆ ನೋಡ್ಕೋ!”

ಡೇಲ್ ಎದ್ದು ಏಣಿ ತಂದ. ಜನ್ಮದಲ್ಲಿ ಒಂದು ಸಲವಾದರೂ ಉಪಯೋಗಕ್ಕೆ ಬಂದ ಎನ್ನಬೇಕು. ಬಂದೂಕನ್ನು ಕಂಬಳಿಯಲ್ಲಿ ಸುತ್ತಿ ಅವತ್ತೇ ಒಹಾಯೋಗೆ, ರೊಂಡಾಳ ತಮ್ಮನ ಮನೆಗೆ ಒಯ್ದ. ಕೋಲ್ಬಿ ಇದನ್ನೆಲ್ಲ ಕೂತಲ್ಲೇ ನೋಡಿದ. ಅವನ ಮುಖ ಮೊದಲು ಬಿಳುಚಿತು. ಆಮೇಲೆ ಕಡುಬಿನ ತಟ್ಟೆಯನ್ನು ದೂರ ತಳ್ಳಿ ತನ್ನ ಕೋಣೆಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದ.

ಶುಕ್ರವಾರವಿಡೀ ರೊಂಡಾ ಮಗಳನ್ನು ಬಿಟ್ಟು ಕದಲಲಿಲ್ಲ. ತಲೆ ಬಾಚಿದಳು, ಉಳಿದ ಟರ್ಕಿಯಲ್ಲಿ ಅವಳಿಗಿಷ್ಟದ ನೂಡಲ್ ಸೂಪು ಮಾಡಿಕೊಟ್ಟಳು, ಪಾತ್ರೆಯನ್ನು ತಾನೇ ತೊಳೆದಳು. “ನೀನು ಹೇಳದೇ ಇದ್ದಿದ್ರೆ ಏನ್ ಗತಿ ಟೆಸ್? ತಮ್ಮನ ಮೇಲೆ ಎಷ್ಟು ಪ್ರೀತಿ ನಿಂಗೆ. ನಾನು ಏನೇನೋ ಅಂದುಬಿಟ್ಟಿದ್ದೆ.”

ಎರಡು ತಿಂಗಳಿಂದ ಹಂಬಲಿಸಿದ್ದು ಕೈಗೆ ಬಂದಿತ್ತು. ಟೆಸ್ ಸೂಪಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. ಪ್ರೀತಿಯಿಂದಲ್ಲಮ್ಮ ಎಂದು ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅಮ್ಮ ಅವಳ ನೆತ್ತಿಗೆ ಮುತ್ತಿಟ್ಟಳು.

ಶನಿವಾರ ಬೆಳಕು ಹರಿಯುತ್ತಿದ್ದಂತೆ ಗುಡ್ಡಗಳ ಕಡೆಯಿಂದ ಬೇಟೆಯ ಸದ್ದು ಕೇಳತೊಡಗಿತು. ವಿನ್ಸ್ ಕೋಣೆಯಿಂದ ಹೊರಗೆ ಬರಲಿಲ್ಲ. ಬೇರೆ ಮನೆ ನೋಡಿಕೊಳ್ಳುವ ಮಾತು ಅಲ್ಲಿಗೇ ನಿಂತಿದ್ದರೂ ಅಪ್ಪ ಮಗಳ ನಡುವೆ ಮಾತಿರಲಿಲ್ಲ. ರೊಂಡಾ ಮಹಡಿಯಲ್ಲಿ ಹಾಸಿಗೆ ಸರಿಮಾಡುತ್ತಿದ್ದಳು. ಟೆಸ್ ಒಲೆಯ ಮುಂದೆ ಮೊಟ್ಟೆ ಹುರಿಯುತ್ತಿದ್ದಾಗ ಕೋಲ್ಬಿ ಇಳಿದು ಬಂದು ಮೇಜಿನ ಮುಂದೆ ಕೂತ.

“ಎಷ್ಟು ಮೊಟ್ಟೆ?”

“ಒಂದು.” ಫೋರ್ಕು ಕೈಗೆತ್ತಿಕೊಂಡು ಕೇಳಿದ: “ಯಾಕ್ ಹೇಳ್ದೆ ಅವತ್ತು?”

ಬೇರೆ ಯಾರಾದರೂ ಆಗಿದ್ದರೆ ನಿನ್ನ ಒಳ್ಳೆಯದಕ್ಕೆ ಎನ್ನುತ್ತಿದ್ದರು. ಟೆಸ್ ಸೌಟು ಹಿಡಿದುಕೊಂಡೇ ತಿರುಗಿದಳು. “ಹೊಟ್ಟೆಕಿಚ್ಚಿಗೆ. ಆ ಬಂದೂಕು ನಂದು. ನಿಂಗೆ ಕೊಡ್ತಾನೆ ಅಂತ ಉರಿ ಹತ್ತಿತ್ತು. ಇನ್ನೇನೂ ಇಲ್ಲ. ಅಮ್ಮ ಸುಮ್ನೆ ನನ್ನ ಹೊಗಳ್ತಿದಾಳೆ.”

ಕೋಲ್ಬಿ ಅವಳನ್ನೇ ನೋಡಿದ. ಸೆಪ್ಟೆಂಬರಿನಿಂದ ಈಚೆಗೆ ಮೊದಲ ಸಲ ಅವನ ತುಟಿ ಸೊಟ್ಟಗಾಗಿ ನಗುವಿನಂಥದ್ದು ಬಂತು. “ನನ್ ಮೇಲೆ ಹೊಟ್ಟೆಕಿಚ್ಚಾ? ನನ್ ಮೇಲೆ?”

“ನಿನ್ ಮೇಲೇ. ಏನೀಗ?”

“ಇಲ್ಲಿ ಎಲ್ರೂ ನನ್ನ ಬಾಂಬ್ ಮುಟ್ದಂಗೆ ಮುಟ್ತಾರೆ. ನೀನೊಬ್ಳೇ ಜಗಳ ಆಡೋದು.” ಅವನು ಫೋರ್ಕಿನಿಂದ ಮೇಜನ್ನು ಕೆರೆಯತೊಡಗಿದ. ದೂರದಲ್ಲಿ ಇನ್ನೊಂದು ಗುಂಡು ಹಾರಿತು. ಅವನು ಬೆಚ್ಚಲಿಲ್ಲ. “ಟೆಸ್, ಇವತ್ತು ನಾನು ಜಿಂಕೆಗೋಸ್ಕರ ಹೋಗ್ತಿರ್ಲಿಲ್ಲ.”

ಅವಳಿಗೆ ಕೂಡಲೇ ಅರ್ಥವಾಗಲಿಲ್ಲ. ಆ ಹುಡುಗರು, ಸ್ಕೂಲು ಎಂದು ಮೊದಲು ಹೊಳೆಯಿತು. ಶನಿವಾರ ಸ್ಕೂಲಿಲ್ಲ. ಗುರುವಾರ ಅವನು ತಲೆ ಬಾಚಿಕೊಂಡು ಬಂದದ್ದು, ಎಲ್ಲರಿಗೂ ಥ್ಯಾಂಕ್ಸ್ ಎಂದದ್ದು ಒಟ್ಟಿಗೇ ಕಣ್ಣ ಮುಂದೆ ಬಂತು.

“ಅಜ್ಜನ ಮುಂದೇನಾ?” ಎಂದು ಕೇಳಿದಳು.

“ಅವನು ಕಾಫಿ ಕುಡಿದ್ಮೇಲೆ ಮರಕ್ಕೊರಗಿ ನಿದ್ದೆ ಮಾಡ್ತಾನಲ್ಲ, ಆಗ.” ಅವನು ತಲೆಯೆತ್ತಲಿಲ್ಲ. “ಆ ಹುಡುಗ್ರಿಗೆ ಏನಾದ್ರೂ ಮಾಡ್ಬೇಕು ಅಂತ ಈಗ ಇಲ್ಲ. ಸಾಕಾಗಿದೆ ಅಷ್ಟೇ. ಈಗಲೂ.”

ಮೊಟ್ಟೆ ಸೀದ ವಾಸನೆ ಬಂತು. ಟೆಸ್ ಒಲೆ ಆರಿಸಿದಳು. ಬಂದು ಅವನೆದುರಿಗೆ ಕೂತಳು. ಎರಡೂ ಕೈಗಳಲ್ಲಿ ಮೇಜಿನ ಅಂಚು ಹಿಡಿದಳು.

“ನಾನು ಇದನ್ನ ಹೊಟ್ಟೇಲಿ ಇಟ್ಕೊಳಲ್ಲ ಕೋಲ್ಬಿ. ಈಗಲೇ ಅಮ್ಮಂಗೆ ಹೇಳ್ತೀನಿ.”

“ಗೊತ್ತು,” ಎಂದ ಅವನು. “ಅದಕ್ಕೇ ನಿನ್ ಹತ್ರ ಹೇಳಿದ್ದು.”

ಅವಳು ಕೈ ಚಾಚಿ ಅವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡು, ಮೆಟ್ಟಿಲ ಕಡೆ ತಿರುಗಿ, ಅಮ್ಮನನ್ನು ಕೂಗಿದಳು.